ಅತಿಥಿಕೋಣೆಯ ನೂರಹತ್ತು ವೋಲ್ಟಿನ ಮಹನೀಯರಿಗೆ ಒಂದು ಅಹವಾಲು

ಶುಬ್ರಾ, ಕೈರೋ
ಶನಿವಾರ

ಮಾನ್ಯ ಗಣಕಯಂತ್ರದವರೇ,

ನಮ್ಮ ಅಫ್ಕಾರ್ ಅತ್ತೆಯ ಅತಿಥಿಕೋಣೆಯಲ್ಲಿ, ಯಾವ ಅತಿಥಿಯೂ ಕೂರಲು ಧೈರ್ಯ ಮಾಡದ ಚಿನ್ನದ ಬಣ್ಣದ ಕುರ್ಚಿಗಳ ನಡುವೆ, ಮೂವತ್ತಾರು ವರ್ಷಗಳಿಂದ, ಕೀಲಿಗಳಷ್ಟನ್ನು ಬಿಟ್ಟು ಉಳಿದ ಮೈಮೇಲಿನ ಅಂಗಡಿಯ ನೈಲಾನ್ ಹೊದಿಕೆಯನ್ನೂ ಬಿಚ್ಚದೆ ವಿರಾಜಮಾನರಾಗಿರುವ ತಮಗೆ, ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದಲ್ಲಿ ಇನ್ನೂ ಒಂದು ಪರೀಕ್ಷೆಯನ್ನೂ ಬರೆಯದ ನೆವೀನ್ ಮಾಡುವ ಅನಂತ ವಂದನೆಗಳು. ಪತ್ರದ ಆರಂಭದಲ್ಲಿ ಕುಶಲ ವಿಚಾರಿಸುವುದು ವಾಡಿಕೆ. ಆದರೆ ಕಳೆದ ವಾರವಿಡೀ ತಮ್ಮ ಕುಶಲ ವಿಚಾರಿಸುತ್ತಲೇ ನನ್ನ ಕುಶಲವನ್ನು ಕಳೆದುಕೊಂಡಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಈ ಪತ್ರದ ಒಂದು ಪ್ರತಿಯನ್ನು ಕಟ್ಟಡದ ಲಿಫ್ಟಿನ ಬಾಗಿಲಿಗೆ ಅಂಟಿಸಿದ್ದೇನೆ. ಲಿಫ್ಟ್ ಕೂಡ ತಮ್ಮಂತೆಯೇ ವಿಶ್ರಾಂತಿಯಲ್ಲಿರುವುದರಿಂದ ಎಲ್ಲರಿಗೂ ನಿಂತು ಓದಲು ಬೇಕಾದಷ್ಟು ಸಮಯವಿದೆ.

ಈ ವ್ಯವಹಾರ ಆರಂಭವಾದದ್ದು ಎಂಟು ದಿನದ ಹಿಂದಿನ ಶುಕ್ರವಾರದ ಊಟದ ಮೇಜಿನಲ್ಲಿ. ತಮ್ಮನ್ನು ಸೌದಿಯ ಜಿದ್ದಾದಿಂದ ಮಡಿಲಲ್ಲಿಟ್ಟುಕೊಂಡು ಬಂದ ರವೂಫ್ ದೊಡ್ಡಪ್ಪ ಎಂದಿನಂತೆ, "ಈ ಕಟ್ಟಡದ ಮಕ್ಕಳಿಗೆಲ್ಲ ಮಗ್ಗಿ ಬಾಯಿಪಾಠ ಆಗಿದ್ದು ಯಾರಿಂದ? ನಾನು ಬರೆದ ಪ್ರೋಗ್ರಾಮಿಂದ!" ಎಂದರು. ಮೂವತ್ತಾರು ವರ್ಷ ಈ ಮಾತಿಗೆ ಸುಮ್ಮನೆ ಸೊಪ್ಪಿನ ಸಾರು ಬಡಿಸುತ್ತಿದ್ದ ಅತ್ತೆ ಅಂದೇಕೋ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, "ಅದನ್ನ ಬರೆದಿದ್ದು ನಾನು ಅಣ್ಣಾ" ಎಂದರು. ದೊಡ್ಡಪ್ಪ ಕೆಮ್ಮು ಬರುವಷ್ಟು ನಕ್ಕರು. "ನೀನಾ? ನೀನು ಅದರ ಧೂಳು ಒರೆಸ್ತಿದ್ದೆ ಕಣೇ! ಬೇಕಾದ್ರೆ ಪ್ರೋಗ್ರಾಮಿನ ಕ್ಯಾಸೆಟ್ ನೋಡು, ಯಾರ ಹೆಸರಿದೆ ಅಂತ." ನಿಜವೇ, ಕ್ಯಾಸೆಟ್ಟಿನ ಮೇಲೆ ಅವರ ಹೆಸರಿದೆ, ಜಿದ್ದಾದಿಂದ ತಂದ ಮಿಕ್ಸರಿನ ಅಡಿಯಲ್ಲೂ, ಇಸ್ತ್ರಿ ಪೆಟ್ಟಿಗೆಯ ಹಿಡಿಯ ಮೇಲೂ ಇದೆ. ಅತ್ತೆ ತಟ್ಟೆಗಳನ್ನು ಎತ್ತತೊಡಗಿದರು, ನಾನಿನ್ನೂ ಅರ್ಧ ಊಟದಲ್ಲಿದ್ದೆ.

ಹಾಸ್ಟೆಲಿನಲ್ಲಿ ಬೆಳೆದ ನನಗೆ ಮನೆಯ ಜಗಳಗಳ ಅಭ್ಯಾಸವಿಲ್ಲ. ಅಲ್ಲಿ ಇಪ್ಪತ್ತು ನಿಮಿಷಕ್ಕೆ ಗಂಟೆ ಹೊಡೆದು ಊಟ ಮುಗಿಯುತ್ತಿದ್ದುದರಿಂದ ಯಾವ ಜಗಳವೂ ಹಣ್ಣಾಗುತ್ತಿರಲಿಲ್ಲ. ಹಾಗಾಗಿ ಬಾಯಲ್ಲಿ ಅನ್ನವಿಟ್ಟುಕೊಂಡೇ, "ಮುಂದಿನ ಶುಕ್ರವಾರ ನಾನು ಇದನ್ನು ನಡೆಸಿ ತೋರಿಸ್ತೀನಿ, ಯಾರು ಬರೆದದ್ದು ಅಂತ ಅದೇ ಹೇಳಲಿ" ಎಂದುಬಿಟ್ಟೆ. "ಎಂಜಿನಿಯರಮ್ಮನೇ ಹೇಳಿದ ಮೇಲೆ ಇನ್ನೇನು!" ಎಂದರು ದೊಡ್ಡಪ್ಪ. ಕಾಲೇಜಿನ ಸೀಟು ಸಿಕ್ಕ ದಿನದಿಂದ ನನ್ನ ಹೆಸರೇ ಅದು. ಅಂದಿನಿಂದ ನಾಲ್ಕನೇ ಮಹಡಿಯವರ ವಾಷಿಂಗ್ ಮಷೀನೂ ಆರನೆಯವರ ಗೀಸರೂ ನನ್ನ ಭೇಟಿಗಾಗಿ ಕಾದಿವೆ.

ಇನ್ನು ತಮ್ಮ ಸಹಕಾರದ ವಿಷಯ. ಭಾನುವಾರ ಬೆಳಿಗ್ಗೆ ನಾನು ತಮ್ಮ ತಂತಿಯನ್ನು ಗೋಡೆಗೆ ಸಿಕ್ಕಿಸಿದಾಗ ತಾವು 'ಟಪ್' ಎಂಬ ಒಂದೇ ಮಾತನ್ನಾಡಿ ಮೌನ ತಾಳಿದಿರಿ. ಇಂಗ್ಲಿಷ್ ಅಮ್ಮನಿಂದ ನನಗೆ ಬಂದ ಆಸ್ತಿಯೆಂದರೆ ತಪ್ಪು ಯಾರದೇ ಆಗಿರಲಿ ಮೊದಲು ಸಾರಿ ಕೇಳುವ ಚಟ; ತಮಗೂ ಕೇಳಿದೆ. ಸುಟ್ಟ ವಾಸನೆಗೆ ಓಡಿ ಬಂದ ಅತ್ತೆ ತಲೆಯ ಮೇಲೆ ಕೈಯಿಟ್ಟು, "ಅದು ಜಿದ್ದಾದ್ದು ಕಣೇ, ನೂರಹತ್ತು! ನಮ್ಮ ಗೋಡೇಲಿ ಇರೋದು ಇನ್ನೂರಿಪ್ಪತ್ತು! ಮಿಕ್ಸರಿನ ಕೆಳಗೆ ಕಬ್ಬಿಣದ ಡಬ್ಬಿ ಯಾಕೆ ಇಟ್ಟಿದೀನಿ ಅಂದ್ಕೊಂಡೆ, ಎತ್ತರಕ್ಕಾ?" ಎಂದರು. ನಾನು ಎತ್ತರಕ್ಕೆಂದೇ ಅಂದುಕೊಂಡಿದ್ದೆ. ಕೊಲ್ಲಿಯಲ್ಲಿ ದುಡಿದು ಬಂದವರ ಪ್ರತಿ ಅಡುಗೆಮನೆಯಲ್ಲೂ ವೋಲ್ಟು ಇಳಿಸುವ ಆ ಡಬ್ಬಿ ಇರುತ್ತದೆ, ಹಾಲು ಕುಡಿಯುವ ಮಕ್ಕಳಿಗೂ ಅದು ಗೊತ್ತು, ಎಂಜಿನಿಯರಮ್ಮನಿಗೆ ಮಾತ್ರ ಗೊತ್ತಿರಲಿಲ್ಲ. ಆದರೂ ಮಾನ್ಯರೇ, ತಾವು ಒಂದು ಮಾತು ಮೊದಲೇ ಹೇಳಬಹುದಿತ್ತು.

ಫ್ಯೂಸ್ ತಾನು ಸತ್ತು ತಮ್ಮನ್ನು ಉಳಿಸಿತ್ತು. ಹೊಸದು ಹಾಕಿದರೂ ತಾವು ಏಳಲಿಲ್ಲ. ಆಗ ಬೀದಿ ಕೊನೆಯ ಟೀವಿ ರಿಪೇರಿಯ ಮೇಸ್ತ್ರಿ ಗಿರ್ಗಿಸ್ ಅವರನ್ನು ಕರೆತಂದೆ. ಅವರು ಕನ್ನಡಕವನ್ನು ಹಣೆಗೇರಿಸಿ ತಮ್ಮ ಹೊಟ್ಟೆಯೊಳಗೆ ಮೂಗಿಟ್ಟು, "ಗಾಳಿ ಹೋಗೋ ಕಂಡಿಗೆಲ್ಲ ನೈಲಾನ್ ಹೊದಿಸಿ ಕೂರಿಸಿದ್ದಾರಲ್ಲ, ಇದೇನು ಯಂತ್ರಾನೋ ಉಪ್ಪಿನಕಾಯಿಯೋ?" ಎಂದರು. ಊದಿಕೊಂಡಿದ್ದ ಎರಡು ಕೆಪಾಸಿಟರುಗಳನ್ನು ತೋರಿಸಿ, "ಬೆಸುಗೆ ನೀನೇ ಹಾಕು ಮಗಳೇ, ವಕ್ರವಾದ್ರೆ ಆಗಲಿ, ಅದಕ್ಕೇನು ಗೊತ್ತಾಗುತ್ತೆ" ಎಂದು ಚಹಾ ಕುಡಿಯುತ್ತಾ ಕೂತರು. ಹೆಬ್ಬೆರಳು ಸುಟ್ಟುಕೊಂಡು ವಕ್ರವಾಗಿಯೇ ಹಾಕಿದೆ. ತಾವು ಎದ್ದಿರಿ. ಎದ್ದು, ತಮಗೆ ಜೋಡಿಸಿದ್ದ ಟೀವಿಯ ಪರದೆಯ ತುಂಬ ಒಂದೇ ಅಕ್ಷರವನ್ನು ಸಾಲುಸಾಲಾಗಿ ಬರೆಯುತ್ತಾ ಹೋದಿರಿ. ಇಂಥ ಏಕಾಗ್ರತೆ ನನಗೆ ಗಣಿತದ ತರಗತಿಯಲ್ಲಿದ್ದಿದ್ದರೆ ಇಷ್ಟು ಭಯವಿರುತ್ತಿರಲಿಲ್ಲ.

ಅಂಟಿಕೊಂಡ ಕೀಲಿಯನ್ನು ಹುಡುಕಲು ಕೀಲಿಮಣೆಯನ್ನು ಬಿಚ್ಚಿದಾಗ ಸಿಕ್ಕಿದ್ದು ಎರಡು ಚಮಚ ಕಲ್ಲಂಗಡಿ ಬೀಜದ ಸಿಪ್ಪೆ, ಮತ್ತು ಕರಿದ ತಾಮಿಯಾ ವಡೆಯ ಎಣ್ಣೆ ಗಟ್ಟಿಯಾಗಿ ಮೇಣವಾದದ್ದು. ಅತ್ತೆ ಬೀಜ ಮುಟ್ಟುವವರಲ್ಲ, ಹಲ್ಲಿಗೆ ಆಗದು. ಅವರೇ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದೇ ಕೀಲಿಯನ್ನು ಒರೆಸಿಕೊಟ್ಟರು.

ಇಷ್ಟೆಲ್ಲ ಸೇವೆಯ ಬಳಿಕ ತಮ್ಮಲ್ಲಿ ನನ್ನ ಕೆಲವು ವಿನಮ್ರ ಕೋರಿಕೆಗಳಿವೆ. ಹೊಗೆ ಬಿಡುವುದಿದ್ದಲ್ಲಿ ಎಂಟು ದಿನ ಮುಂಚಿತವಾಗಿ ಲಿಖಿತ ನೋಟಿಸು ಕೊಡಬೇಕು. ನೋವಿರುವ ಭಾಗವನ್ನು ದಯವಿಟ್ಟು ಬೆರಳಿಟ್ಟು ತೋರಿಸಬೇಕು. ನನ್ನೆದುರು ನಾಲ್ಕು ದಿನ ಕ್ಯಾಸೆಟ್ಟನ್ನು ಓದಲೊಪ್ಪದೆ ಕಿರುಚಿ, ಮೇಸ್ತ್ರಿಯವರು ಬಂದು ಟೇಪ್ ರೆಕಾರ್ಡರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೊಡನೆ ಸಾಧುವಾಗುವ ತಮ್ಮ ಸಂಸ್ಕಾರವನ್ನು ಮುಂದೆ ನನ್ನ ಪ್ರಾಯೋಗಿಕ ಪರೀಕ್ಷೆಯ ದಿನ ಕಾಲೇಜಿನ ಯಂತ್ರಗಳಿಗೂ ಸ್ವಲ್ಪ ಕಲಿಸಬೇಕು.

ನಿನ್ನೆ ಶುಕ್ರವಾರ ನಮಾಜು ಮುಗಿಸಿ ಬಂದ ದೊಡ್ಡಪ್ಪ ಚಿನ್ನದ ಕುರ್ಚಿಯ ಮೇಲೆಯೇ ಕೂತು, ಬೀಜದ ಪೊಟ್ಟಣ ಬಿಚ್ಚಿ, "ನಡೀಲಿ ಎಂಜಿನಿಯರಮ್ಮ" ಎಂದರು. ಕ್ಯಾಸೆಟ್ಟಿನಿಂದ ಪ್ರೋಗ್ರಾಮನ್ನು ಓದಿಕೊಳ್ಳುತ್ತಾ ತಾವು ಆರು ನಿಮಿಷ ಕಿರುಚಿದಿರಿ. ಆ ಆರು ನಿಮಿಷ ಅತ್ತೆ ಬಾಗಿಲಲ್ಲಿ ನಿಂತು ಒಂದೇ ಲೋಟವನ್ನು ಒರೆಸುತ್ತಿದ್ದರು. ಕೊನೆಗೆ ಪರದೆಯ ಮೇಲೆ "ನಿನ್ನ ಹೆಸರೇನು?" ಎಂದು ಕೇಳಿದಿರಿ. "ನೋಡಿದ್ರಾ, ನನ್ನ ಪ್ರೋಗ್ರಾಮು ನನ್ನನ್ನೇ ಕೇಳ್ತಿದೆ" ಎಂದು ದೊಡ್ಡಪ್ಪ ಒಂದೇ ಬೆರಳಿನಲ್ಲಿ ರವೂಫ್ ಎಂದು ಒತ್ತಿದರು. ಮಗ್ಗಿಯ ಬದಲು ತಾವು ಬರೆದದ್ದು ಇಷ್ಟು:

"ರವೂಫಣ್ಣಾ, ಮೊದಲು ಕೈ ತೊಳ್ಕೊಂಡು ಬಾ. ಕೀಲಿಗೆಲ್ಲ ಮತ್ತೆ ಎಣ್ಣೆ ಹತ್ತಿಸ್ತೀಯ."

"ಅಯ್ಯೋ, ಅದು ಇನ್ನೂ ಇದೆಯಾ!" ಎಂದು ಅತ್ತೆ ಒರೆಸುವ ಬಟ್ಟೆಯಿಂದಲೇ ಬಾಯಿ ಮುಚ್ಚಿಕೊಂಡರು.

ದೊಡ್ಡಪ್ಪ ತಮ್ಮ ಬೆರಳುಗಳನ್ನು ನೋಡಿಕೊಂಡರು. ಎದ್ದು ಹೋದರು. ನಲ್ಲಿಯ ನೀರು ಬಹಳ ಹೊತ್ತು ಹರಿಯಿತು. ಬಂದು ಮತ್ತೆ ಹೆಸರು ಒತ್ತಿದರು. ತಾವು ಮತ್ತೆ ಕೈ ತೊಳೆಯಲು ಹೇಳಿದಿರಿ. ಆಗ ಅವರು ಪರದೆಯ ಕಡೆಗಲ್ಲ, ಬಾಗಿಲ ಕಡೆಗೆ ತಿರುಗಿ, "ತೊಳೆದೆ ಅಂತ ಇದಕ್ಕೆ ಹೇಗೆ ಹೇಳೋದು, ಅಫ್ಕಾರ್?" ಎಂದು ಕೇಳಿದರು.

"ಅದನ್ನ ನಾನು ಬರೆದಿಲ್ಲ ಅಣ್ಣಾ" ಎಂದರು ಅತ್ತೆ. "ನೀನು ಯಾವತ್ತೂ ತೊಳ್ಕೊಂಡು ಬರಲಿಲ್ಲವಲ್ಲ."

ಈ ಸೇವೆಗಾಗಿ ತಮ್ಮ ಹಿಂದಿನ ಎಲ್ಲ ಅಪರಾಧಗಳನ್ನೂ ಮನ್ನಿಸಲಾಗಿದೆ.

ಸುಟ್ಟ ಹೆಬ್ಬೆರಳಿನೊಂದಿಗೆ,
ತಮ್ಮ ವಿಶ್ವಾಸಿ,
ನೆವೀನ್ ತಲಅತ್

ತಾ.ಕ.: ಇಂದು ಬೆಳಿಗ್ಗೆ ದೊಡ್ಡಪ್ಪ ಮೆಟ್ಟಿಲಿನಲ್ಲಿ ಮೇಸ್ತ್ರಿಯವರಿಗೆ, "ಬರೆದದ್ದು ಅವಳೇ, ಆದರೆ ಕಲಿಸಿದ್ದು ಯಾರು?" ಎನ್ನುತ್ತಿದ್ದುದು ಕೇಳಿಸಿತು. ಆದ್ದರಿಂದ ಮುಂದಿನ ಶುಕ್ರವಾರದವರೆಗೆ ತಾವು ಜೀವಂತವಾಗಿರುವುದು ಒಳಿತು. ಮಿಕ್ಸರಿನ ಕೆಳಗಿದ್ದ ಕಬ್ಬಿಣದ ಡಬ್ಬಿಯನ್ನು ಅತ್ತೆ ಮಾನ್ಯರಾದ ತಮಗೇ ಬಿಟ್ಟುಕೊಟ್ಟಿದ್ದಾರೆ. ಅದು ಗೊತ್ತಿಲ್ಲದೆ ದೊಡ್ಡಮ್ಮ ನೇರವಾಗಿ ಗೋಡೆಗೆ ಸಿಕ್ಕಿಸಿದ ಮಿಕ್ಸರು 'ಟಪ್' ಎಂದು ಈಗ ನನ್ನ ಮೇಜಿನ ಮೇಲಿದೆ.