ಭಾವ ಮದರ್‌ಬೋರ್ಡ್ ನೋಡಲು ಹೋದದ್ದು

ನಮ್ಮ ಭಾವ ಜೀವಮಾನದಲ್ಲಿ ಯಾವ ವಸ್ತುವನ್ನೂ ಮೊದಲ ಸಲಕ್ಕೇ ಒಪ್ಪಿಕೊಂಡವರಲ್ಲ. ವಸ್ತು ಅಂದೆನೇ? ನಮ್ಮಕ್ಕನನ್ನೂ ಸೇರಿಸಿಕೊಳ್ಳಿ! ಹೆಣ್ಣು ನೋಡಲು ಮೂರು ಸಲ ಬಂದ ಮಹಾನುಭಾವರು ಅವರು. ಮೊದಲ ಸಲ ಉಪ್ಪಿಟ್ಟು ತಿಂದು, ಕೋಣೆಯಲ್ಲಿ ಬೆಳಕು ಸಾಲದು ಎಂದು ಹೇಳಿ ಹೋದರು. ಎರಡನೇ ಸಲ ಉಪ್ಪಿಟ್ಟು ತಿಂದು, ಕಾಫಿಯ ಪಿಂಗಾಣಿ ಕಪ್ಪನ್ನು ಉಗುರಿನಿಂದ ತಟ್ಟಿ ಕಿವಿಗೆ ಹಿಡಿದು, ಬುಡದಲ್ಲಿ ಕೂದಲೆಳೆಯಷ್ಟು ಬಿರುಕಿದೆಯೆಂದು ನಮ್ಮಮ್ಮನಿಗೆ ತೋರಿಸಿಕೊಟ್ಟರು. ಮೂರನೇ ಸಲ ತಟ್ಟೆ ಬರುವ ಮೊದಲೇ ಅಕ್ಕ ಹೊರಗೆ ಬಂದು, "ಇನ್ನೊಂದ್ ಸಲ ಬಂದ್ರೆ ಉಪ್ಪಿಟ್ಟು ಸಿಗಲ್ಲ. ಏನಿದ್ರೂ ಈಗ್ಲೇ ಹೇಳ್ಬಿಡಿ" ಅಂದಳು. ಹೇಳಿಬಿಟ್ಟರು. ಅವರ ಬದುಕಿನಲ್ಲಿ ಅಷ್ಟು ಬೇಗ ಆದ ತೀರ್ಮಾನ ಅದೊಂದೇ ಇರಬೇಕು.

ತಪ್ಪು ಪೂರ್ತಿ ಅವರದಲ್ಲ, ಕೆಲಸ ಅಂಥದ್ದು. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಅವರು ಇನ್‌ಸ್ಪೆಕ್ಟರು. ಪೊಲೀಸಲ್ಲ ಮತ್ತೆ! ಎರಕ ಹೊಯ್ದ ಕಬ್ಬಿಣದ ಭಾಗಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಸರಿಯಿದ್ದರೆ ಸೀಮೆಸುಣ್ಣದಲ್ಲಿ ಒಂದು ಟಿಕ್ಕು, ಕೆಟ್ಟಿದ್ದರೆ ಒಂದು ಕತ್ತರಿ ಗುರುತು ಹಾಕುವ ಕೆಲಸ. ಕತ್ತರಿ ಗುರುತು ಬಿದ್ದ ಮಾಲು ಮತ್ತೆ ಕುಲುಮೆಗೆ. ಇಪ್ಪತ್ತು ವರ್ಷ ಇದನ್ನೇ ಮಾಡಿದ ಮನುಷ್ಯ ಸಂಜೆ ಐದಕ್ಕೆ ಗೇಟು ದಾಟಿದ ಕೂಡಲೇ ನಿಲ್ಲಿಸುತ್ತಾನೆಯೇ? ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ತುಂಡು ಸೀಮೆಸುಣ್ಣ. ಸಂತೆಯಲ್ಲಿ ತೆಂಗಿನಕಾಯಿಯನ್ನು ಎಲ್ಲರೂ ತಟ್ಟಿ ನೋಡುತ್ತಾರೆ. ತಟ್ಟಿ, ಬೇಡವೆನಿಸಿದ್ದಕ್ಕೆ ಕತ್ತರಿ ಗುರುತು ಹಾಕಿ ಬರುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಯಿ ಮಾರುವ ಹೆಂಗಸು ಬೈದದ್ದನ್ನೂ ಪಕ್ಕದಲ್ಲೇ ನಿಂತು ಕೇಳಿದ್ದೇನೆ.

ಇಂಥವರ ಕೈಗೆ ಕಂಪ್ಯೂಟರ್ ಸಿಕ್ಕಿತು. ಹೊಸ ಶತಮಾನ ಬಂದು ನಾಲ್ಕೈದು ವರ್ಷ ಆಗಿತ್ತಷ್ಟೆ. ಸ್ವಯಂನಿವೃತ್ತಿ ತೆಗೆದುಕೊಂಡು ಊರು ಬಿಟ್ಟ ಸಹೋದ್ಯೋಗಿಯೊಬ್ಬರಿಂದ ತಂದ ಹಳೇ ಕಂಪ್ಯೂಟರ್ ಅದು. ಅದರಲ್ಲಿ ಭಾವ ಏನು ಮಾಡುತ್ತಿದ್ದರು ಅಂತೀರಿ? ಲೆಕ್ಕವೇ, ಪತ್ರವೇ? ಕಾರು ಓಡಿಸುತ್ತಿದ್ದರು! ಅರ್ಧ ತಲೆ ನರೆತ ಮನುಷ್ಯ ಬನಿಯನ್ನಿನಲ್ಲಿ ಕೂತು, ಆಟ ಆಡುವ ಗುಂಡಿಗಳ ಗೇಮ್‌ಪ್ಯಾಡ್ ಹಿಡಿದು, ಪರದೆಯ ಮೇಲೆ ತಿರುವು ಬಂದಾಗಲೆಲ್ಲ ತಾವೂ ಕುರ್ಚಿಯ ಜೊತೆ ವಾಲುತ್ತಿದ್ದರು. ನಾನು ಹೋದಾಗ ಒಮ್ಮೆ ಪೂರ್ತಿ ವಾಲಿ ಕೆಳಗೇ ಬಿದ್ದರು.

ಆ ವರ್ಷವೇ ಅಕ್ಕನಿಗೆ ಲಕ್ವ ಹೊಡೆಯಿತು. ಮಾತು, ನಡಿಗೆ ಬೇಗ ಮರಳಿದವು, ಬಲಗೈ ಮರಳಲಿಲ್ಲ. ದಿನವೂ ಬೆರಳುಗಳಿಗೆ ಕೆಲಸ ಕೊಡಿ, ಇಲ್ಲದಿದ್ದರೆ ಕೈ ಹಾಗೇ ಉಳಿದುಬಿಡುತ್ತದೆ ಅಂದರು ಡಾಕ್ಟರು. ಹಿಚುಕಲು ಒಂದು ಸ್ಪಂಜಿನ ಚೆಂಡು ಕೊಟ್ಟರು. ಅಕ್ಕ ಅದನ್ನು ಎರಡು ದಿನ ಹಿಚುಕಿ ಅಕ್ಕಿ ಡಬ್ಬದೊಳಗೆ ಹಾಕಿದಳು. "ನಾನೇನು ಮಗೂನಾ?" ಎಂಬುದು ಅವಳ ವಾದ. ಹಟದಲ್ಲಿ ಆ ಮನೆಯ ಇಬ್ಬರೂ ಒಂದೇ ಅಚ್ಚಿನವರು. ಕೊನೆಗೆ ಒಂದು ಮಧ್ಯಾಹ್ನ ಭಾವ ಎರಡನೇ ಗೇಮ್‌ಪ್ಯಾಡ್ ತಂದು ಅವಳ ಮಡಿಲಿಗಿಟ್ಟು, "ಬಲಗೈ ಹೆಬ್ಬೆರಳು ಒತ್ತಿದ್ರೆ ಗಾಡಿ ಹೋಗತ್ತೆ, ಬಿಟ್ರೆ ನಿಲ್ಲತ್ತೆ" ಅಂದರಂತೆ. ಆಶ್ಚರ್ಯವೆಂದರೆ ಅಕ್ಕ ಒತ್ತಿದಳು. ದಿನಾ ಒತ್ತಿದಳು. ಡಾಕ್ಟರು ಕೈ ನೋಡಿ ತಲೆದೂಗಿದರು. ಮೂರು ತಿಂಗಳಲ್ಲಿ ಆ ಆಟದ ರಸ್ತೆಗಳೆಲ್ಲ ಅಕ್ಕನಿಗೆ ಬಾಯಿಪಾಠವಾಗಿ ಬೇಜಾರು ಬಂತು.

ಭಾವ ಹೊಸ ಆಟದ ಸಿ.ಡಿ. ತಂದರು. ಹಳೇ ಕಂಪ್ಯೂಟರಿಗೆ ಅದರ ಭಾರ ತಡೆಯಲಿಲ್ಲ. ಗುಂಡಿ ಒತ್ತಿದರೆ ಗಾಡಿ ಒಂದು ಗಳಿಗೆ ನಿಂತು, ಆಮೇಲೆ ಹಾರಿ ಹೋಗಿ ಗೋಡೆಗೆ ಗುದ್ದುತ್ತಿತ್ತು. ನಾಲ್ಕು ದಿನ ಹೀಗಾದ ಮೇಲೆ ಅಕ್ಕ ಪ್ಯಾಡ್ ಕೆಳಗಿಟ್ಟಳು. "ಕೈ ಕೇಳ್ತಿಲ್ಲ ಕಣ್ರೀ. ಇನ್ನು ಇಷ್ಟೇ ಇದು, ಬಿಟ್ಬಿಡಿ" ಅಂದಳು. ಮತ್ತೆ ಮುಟ್ಟಲಿಲ್ಲ.

ಆಗ ಭಾವ ಕೊಟ್ಟ ತೀರ್ಪು ಕೇಳಿ: "ಕೈದು ತಪ್ಪಲ್ಲ. ಬೋರ್ಡಿಂದು."

ಹೆಂಡತಿಯ ಕೈ ಬರುತ್ತಿಲ್ಲ, ಗಂಡ ಮದರ್‌ಬೋರ್ಡಿನ ಮೇಲೆ ಗೂಬೆ ಕೂರಿಸುತ್ತಾರೆ! ನನಗೆ ಮೈಯೆಲ್ಲ ಉರಿಯಿತು. ಹೊಸ ಕಂಪ್ಯೂಟರ್ ಬೇಕಿದ್ದರೆ ಬೇಕು ಅನ್ನಲಿ, ನಡುವೆ ಅಕ್ಕನ ಕೈ ಯಾಕೆ?

ಆದರೆ ನನ್ನನ್ನು ಬಿಡುವವರುಂಟೇ? ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಅಷ್ಟರಿಂದಲೇ ಭಾವ ನನ್ನನ್ನು ಕಂಪ್ಯೂಟರ್ ಪಂಡಿತನೆಂದು ತೀರ್ಮಾನಿಸಿದ್ದರು. ಇದೊಂದು ವಿಷಯದಲ್ಲಿ ಮಾತ್ರ ಅವರು ಪರೀಕ್ಷೆ ಮಾಡದೆ ಪಾಸು ಮಾಡಿದ್ದು, ಮೋಸ ಹೋದದ್ದೂ ಅದರಲ್ಲೇ.

"ಮದರ್‌ಬೋರ್ಡ್ ಅಂದ್ರೆ ಮನೆಗೆ ಪಾಯ ಇದ್ದಂಗೆ ಮಾರಾಯ. ಪ್ರೊಸೆಸರ್ರು, ರ‍್ಯಾಮು, ಗ್ರಾಫಿಕ್ಸ್ ಕಾರ್ಡು ಎಲ್ಲಾ ಅದ್ರ ಮೇಲೆ ಕೂರ್ಬೇಕು. ಅದೊಂದನ್ನ ನೋಡಿ ತಗಂಡ್ರೆ ಮುಗೀತು. ನೀನು ಸುಮ್ನೆ ಜೊತೇಲಿ ಬಾ" ಅಂದರು. ಸುಮ್ಮನೆ ಬರುವುದಂತೆ!

ಆ ಶನಿವಾರ ನಾನು ಅಕ್ಕನ ಮನೆಯಲ್ಲೇ ಇದ್ದೆ. ಭಾವ ಹಳೇ ಕಂಪ್ಯೂಟರಿನ ಡಬ್ಬವನ್ನು ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು ಶಿವಮೊಗ್ಗದ ಬಸ್ಸು ಹತ್ತಿದರು. ನಾನು ನಾಲ್ಕು ಸೀಟು ಹಿಂದೆ, ಪರಿಚಯವೇ ಇಲ್ಲದವನ ಹಾಗೆ ಕೂತೆ. ಗಂಟಿನ ಸಂದಿಯಿಂದ ಡಬ್ಬದ ಗಾಳಿತೂತುಗಳು ಕಾಣುತ್ತಿದ್ದವು. ಕಂಡಕ್ಟರ್ ಬಗ್ಗಿ ನೋಡಿದ.

"ಏನ್ ಸಾರ್ ಅದು, ಕೋಳಿನಾ?"

"ಕಂಪ್ಯೂಟರ್."

"ಜೀವ ಇದ್ಯಾ?"

"ಅದನ್ನ ತೋರ್ಸಕ್ಕೇ ಹೋಗ್ತಿರೋದು. ಅಗೋ, ಹಿಂದೆ ಕೂತಿದಾನಲ್ಲ, ನಮ್ಮ ಭಾವಮೈದ, ಅವನೇ ಎಕ್ಸ್‌ಪರ್ಟು!"

ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು. ಶಿವಮೊಗ್ಗ ಅಷ್ಟು ದೂರವಿದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಕಂಪ್ಯೂಟರ್ ಅಂಗಡಿಯ ಸಾಹೇಬರು ಸಜ್ಜನರು. ಒಂದು ಹೊಸ ಬೋರ್ಡಿನ ಡಬ್ಬ ತೆಗೆದು ಮುಂದಿಟ್ಟು, "ಏಕ್‌ದಂ ಫಸ್ಟ್‌ಕ್ಲಾಸ್ ಮಾಲು ಸಾರ್, ಗೇಮಿಗೆ ಅಂತಲೇ ಬಂದಿರೋದು" ಅಂದರು. ಭಾವ ಡಬ್ಬ ಬಿಚ್ಚಿದರು. ಬೋರ್ಡನ್ನು ಅಂಗೈ ಮೇಲಿಟ್ಟುಕೊಂಡು ರಸ್ತೆಗೆ ಇಳಿದರು, ಬಿಸಿಲಿಗೆ ಹಿಡಿಯಲು! ಸಾಹೇಬರು ಚಪ್ಪಲಿ ಮೆಟ್ಟದೆ ಹಿಂದೆಯೇ ಓಡಿದರು. ಭಾವ ಜೇಬಿನಿಂದ ಭೂತಕನ್ನಡಿ ತೆಗೆದರು. ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿದ್ದ ಕೆಪಾಸಿಟರುಗಳಲ್ಲಿ ಒಂದೊಂದರ ನೆತ್ತಿಯನ್ನೂ ನೋಡಿದರು. ಸ್ಟೀಲ್ ಸ್ಕೇಲನ್ನು ಅಂಚಿಗೆ ಹಿಡಿದು ಬಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ಉಗುರಿನಿಂದ ತಟ್ಟಿ ಕಿವಿಗೊಟ್ಟರು. ಮೂಸಿದರು ಕೂಡ!

"ಇದ್ರಲ್ಲಿ ಎರಡು ಉಬ್ಬಿದಾವೆ. ನಮ್ಮನೇ ಹಳೇ ಬೋರ್ಡಿನಲ್ಲೂ ಹಿಂಗೇ ಉಬ್ಬಿರೋದು. ಬೇಡ" ಎಂದು ಒಳಗೆ ಬಂದು, ಬೋರ್ಡನ್ನು ಡಬ್ಬಕ್ಕೆ ಹಾಕಿ, ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ಒಂದು ಕತ್ತರಿ ಗುರುತು ಎಳೆದರು.

"ಅರೆ ಸಾರ್! ನಮ್ ಮಾಲಿಗೆ ನೀವ್ಯಾಕೆ ಗುರುತು ಹಾಕ್ತೀರಾ?"

"ಗೊತ್ತಾಗ್ಬೇಕಲ್ಲ!" ಅಂದರು ಭಾವ, ಅದರಲ್ಲಿ ಕೇಳುವುದೇನಿದೆ ಎಂಬಂತೆ.

ಅವತ್ತು ಐದು ಡಬ್ಬಗಳಿಗೆ ಗುರುತು ಬಿತ್ತು. ಮುಂದಿನ ಶನಿವಾರ ನಾವು ಹೋದಾಗ ಸಾಹೇಬರು ನಮಸ್ಕಾರ ಹೇಳಲಿಲ್ಲ. ಆಗಿದ್ದೇನೆಂದರೆ, ಭದ್ರಾವತಿ ಕಾರ್ಖಾನೆಯ ಕಡೆಯ ಗಿರಾಕಿಗಳು ಅವರಿಗೆ ಬಹಳ. ವಾರದ ನಡುವೆ ಕ್ರೇನ್ ನಡೆಸುವ ತಮಿಳರೊಬ್ಬರು ಬಂದವರು, ಡಬ್ಬದ ಮೇಲೆ ಅಳಿಸಿಯೂ ಅಳಿಯದಿದ್ದ ಗುರುತನ್ನು ಕಂಡು, "ಅಯ್ಯಯ್ಯೋ, ಇದು ನಮ್ ಇನ್‌ಸ್ಪೆಕ್ಷನ್ ರಿಜೆಕ್ಟ್! ವೇಂಡಾಂ ಸ್ವಾಮಿ" ಎಂದು ಮುಟ್ಟದೆ ಹೋದರಂತೆ. ಹೋದವರು ಕ್ವಾರ್ಟರ್ಸಿನಲ್ಲೆಲ್ಲ ಸುದ್ದಿ ಹಬ್ಬಿಸಿದರಂತೆ. ವಾರವಿಡೀ ಆ ಕಡೆಗೆ ಒಂದು ಬೋರ್ಡೂ ಹೋಗಿರಲಿಲ್ಲ.

ಸಾಹೇಬರು ವ್ಯಾಪಾರಿ ತಾನೇ? ಸಿಟ್ಟು ನುಂಗಿಕೊಂಡು ಚಹಾ ತರಿಸಿದರು. "ಸಾರ್, ಆ ಮೇಲಿನ ಸಾಲಿನ ಡಬ್ಬಗಳಿಗೆ ಒಂದೊಂದು ಟಿಕ್ಕು ಹಾಕ್ಬಿಡಿ. ನಿಮ್ ಕೈ ಗುರುತು ಇದ್ರೆ ನಿಮ್ಮೂರೋರು ಕಣ್ಮುಚ್ಚಿ ತಗೋತಾರೆ" ಎಂದು ಬೆಣ್ಣೆ ಹಚ್ಚಿದರು. ನಾನಾಗಿದ್ದರೆ ಚಹಾದ ಋಣ ತೀರಿತು ಎಂದು ಹಾಕಿಬಿಡುತ್ತಿದ್ದೆ. ಭಾವ ಲೋಟ ಕೆಳಗಿಟ್ಟರು. "ನೋಡ್ದೆ ಟಿಕ್ಕು ಹಾಕಲ್ಲ ಸಾಹೇಬ್ರೇ. ಬೇಕಾದ್ರೆ ಎಲ್ಲಾ ಬಿಚ್ಚಿ, ನೋಡ್ತೀನಿ" ಅಂದರು. ಸಾಹೇಬರು ಎಷ್ಟು ಬೆದರಿದರೆಂದರೆ ಮೇಲಿನ ಸಾಲಿಗೆ ಪರದೆ ಎಳೆದರು!

ಮೂರನೇ ಶನಿವಾರ ಭಾವನ ಕಣ್ಣಿಗೆ ದೋಷ ಕಾಣದ ಒಂದು ಬೋರ್ಡು ಸಿಕ್ಕಿತು. ಮುಗಿಯಿತಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ, ಭಾವ ಚೀಲದಿಂದ ಎರಡು ಗೇಮ್‌ಪ್ಯಾಡ್, ಹೊಸ ಆಟದ ಸಿ.ಡಿ. ತೆಗೆದು, "ಜೋಡ್ಸಿ, ಓಡ್ಸಿ ನೋಡ್ಬೇಕು" ಅಂದರು. ಸಾಹೇಬರು ಪಾಪ, ಜೋಡಿಸಿದರು. ಭಾವ ಆಡಿದರೇ? ಇಲ್ಲ. ಗುಂಡಿ ಒತ್ತಿದರು, ಗಾಡಿ ಹೊರಟಿತು, ಬಿಟ್ಟರು. ಒತ್ತಿದರು, ಬಿಟ್ಟರು. ಹೀಗೇ ಒಂದು ಗಂಟೆ! ಹಿಂದೆ ಗಿರಾಕಿಗಳು ಗುಂಪುಗೂಡಿದರು.

"ತಡ ಆಯ್ತು" ಅಂದರು ಭಾವ.

"ಎಲ್ಲಿ ತಡ ಸಾರ್? ಕಣ್ಣು ಮಿಟುಕ್ಸೋ ಅಷ್ಟೂ ಇಲ್ಲ."

"ನಂಗೆ ಕಾಣ್ತು. ಗ್ರಾಫಿಕ್ಸ್ ಕಾರ್ಡು ಬೇರೆ ಹಾಕಿ. ಒತ್ತಿದ್ ಕ್ಷಣ ಗಾಡಿ ಏಳ್ಬೇಕು. ಒಂಚೂರೂ ಅನುಮಾನ ಬರ್ಬಾರ್ದು."

ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. ಅವರ ತೋಳು ಹಿಡಿದು ಹೊರಗೆ ಕರೆತಂದೆ. "ಭಾವ, ಸಾಕು ಮಾಡಿ. ಆಟದ ಹುಚ್ಚು ನಿಮ್ಗೆ, ಹೆಸರು ಅಕ್ಕಂದು. ಅವಳ ಕೈ ಹೋಗಿದೆ, ಅದನ್ನ ಒಪ್ಕೊಳ್ಳೋಕೆ ನಿಮಗೆ ಆಗ್ತಿಲ್ಲ ಅಷ್ಟೆ!" ಅಂದೆ. ಅಂದ ಮೇಲೆ ನನಗೇ ಅದು ಜಾಸ್ತಿಯಾಯಿತು ಅನ್ನಿಸಿತು. ಭಾವ ತೋಳು ಬಿಡಿಸಿಕೊಂಡು ಒಳಗೆ ಹೋಗಿ ಮತ್ತೆ ಗುಂಡಿ ಒತ್ತತೊಡಗಿದರು. ನಾನು ಸಿಟ್ಟಿನಲ್ಲೇ ರವೀಂದ್ರನಗರದ ನನ್ನ ಮನೆಗೆ ನಡೆದುಬಿಟ್ಟೆ. ನಾಲ್ಕನೇ ಶನಿವಾರ ಅವರು ಒಬ್ಬರೇ ಹೋಗಿ ಬೋರ್ಡು ತಂದರೆಂದು ಆಮೇಲೆ ತಿಳಿಯಿತು.

ಎರಡು ವಾರ ಬಿಟ್ಟು ಒಂದು ಭಾನುವಾರ ಬೆಳಗ್ಗೆ ಭದ್ರಾವತಿಗೆ ಹೋದೆ. ಕ್ವಾರ್ಟರ್ಸಿನ ಬಾಗಿಲು ತೆರೆದೇ ಇತ್ತು, ಒಳಗಿಂದ ಕಾರುಗಳ ಅಬ್ಬರ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ ಕೂತಿದ್ದಳು. ಪಕ್ಕದ ಸ್ಟೂಲಿನಲ್ಲಿ ಭಾವ. ಅವರ ಪ್ಯಾಡ್ ಮಡಿಲಿನಲ್ಲಿತ್ತು. ಎಡಗೈ ಒಂದರಲ್ಲೇ ತಿರುಗಿಸಲೂ ಒತ್ತಲೂ ಹೆಣಗುತ್ತಿದ್ದರು. ಬಲಗೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೇ ಕೂತಿದ್ದರು.

"ಕೈಗೇನಾಯ್ತು ಭಾವ?" ಅಂದೆ ಗಾಬರಿಯಲ್ಲಿ.

"ಸುಮ್ನಿರು ಮಾರಾಯ, ತಿರುವು ಬಂತು!" ಅಂದವರ ಗಾಡಿ ಹೊಂಡಕ್ಕೆ ಬಿತ್ತು. "ಥತ್, ನೀನು ಅಡ್ಡ ಬಂದೆ, ಇದು ಅನ್ಯಾಯ!" ಎಂದು ಅಕ್ಕನ ಮೇಲೆ ಕೂಗಾಡಿದರು. ನಾಟಕವಲ್ಲ, ನಿಜವಾಗಿ ಸೋತ ಸಂಕಟ ಅದು. ಎದ್ದು, ಸಿಡುಕುತ್ತಾ ಕಾಫಿ ಮಾಡಲು ಅಡಿಗೆಮನೆಗೆ ಹೋದರು.

ಅಕ್ಕ ಹಣೆ ಒರೆಸಿಕೊಂಡಳು. "ಅವ್ರು ಬಲಗೈ ಹಾಕಂಗಿಲ್ಲ. ಅವ್ರೇ ಮಾಡ್ಕೊಂಡಿರೋ ರೂಲ್ಸು. ಇಬ್ರೂ ಸಮ ಇರ್ಬೇಕಂತೆ, ಆಮೇಲೆ ಮಾತ್ರ ಗೆದ್ದಿದ್ದು ಗೆದ್ದಂಗಂತೆ." ಆಮೇಲೆ ತನ್ನ ಬಲಗೈಯನ್ನು ತಿರುವಿ ನೋಡಿಕೊಂಡು ಅಂದಳು: "ಈಗ ಒತ್ತಿದ್ ತಕ್ಷಣ ಗಾಡಿ ಹೊರಡತ್ತೆ ಕಣೋ. ಆವಾಗ ಕೈದಲ್ಲ ತಪ್ಪು. ಸ್ವಲ್ಪ ಕೈದೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಪೂರ್ತಿ ಕೈದಲ್ಲ."

ಅಂಗಡಿಯಲ್ಲಿ ಅವರು ಒಂದು ಗಂಟೆ ಹುಡುಕಿದ ತಡ ಯಾವುದೆಂದು ಆಗ ತಿಳಿಯಿತು. ಅಷ್ಟು ಸಣ್ಣ ತಡವಾದರೂ ಅಕ್ಕ ಅದನ್ನು ತನ್ನ ಕೈ ಲೆಕ್ಕಕ್ಕೆ ಹಾಕಿಕೊಳ್ಳುತ್ತಾಳೆಂದು ಅವರಿಗೆ ಗೊತ್ತಿತ್ತು. ಅವಳ ಬೆನ್ನಿಗೆ ಹುಟ್ಟಿದ ನನಗೆ ಗೊತ್ತಿರಲಿಲ್ಲ. ಜಗತ್ತಿನ ಎಲ್ಲದರಲ್ಲೂ ಐಬು ಹುಡುಕುವ ಮನುಷ್ಯ ಆ ಒಂದು ಕೈಯನ್ನು ಕೆಟ್ಟಿದೆ ಎನ್ನಲು ಒಪ್ಪಿರಲಿಲ್ಲ. ನಾನು ಎಷ್ಟು ಸುಲಭವಾಗಿ ಅಂದುಬಿಟ್ಟಿದ್ದೆ!

ಅಡಿಗೆಮನೆಗೆ ಹೋಗಿ, "ಭಾವ, ಅವತ್ತು ಅಂಗಡಿ ಮುಂದೆ ನಾನು..." ಎಂದು ಶುರು ಮಾಡಿದೆ.

"ಡಿಕಾಕ್ಷನ್ ತೆಳ್ಳಗಾಗಿದೆ, ನೋಡು" ಎಂದು ಲೋಟ ನನ್ನ ಕೈಗೆ ಕೊಟ್ಟರು. ಅದರ ಬಗ್ಗೆ ನಾವು ಮತ್ತೆಂದೂ ಮಾತಾಡಿಲ್ಲ.

ಕಾಫಿ ಕುಡಿದ ಮೇಲೆ ಅಕ್ಕ, "ಬಾರೋ, ನೀನೊಂದಾಟ ಆಡು" ಎಂದು ಕರೆದಳು. ನಾನು ಸ್ಟೂಲಿನ ಮೇಲೆ ಕೂತೆ. ಯಾರೂ ಹೇಳದಿದ್ದರೂ ಬಲಗೈಯನ್ನು ಮೆಲ್ಲಗೆ ತೊಡೆಯ ಕೆಳಗೆ ತೂರಿಸಿದೆ. ಅಕ್ಕ ನೋಡಿಬಿಟ್ಟಳು.

"ತೆಗಿ ಕೈನ. ಅದು ಅವರಿಗೆ ಮಾತ್ರ."

ನಾನು ಎರಡೂ ಕೈಯಲ್ಲಿ ಆಡಿದೆ. ಮೊದಲನೇ ತಿರುವಿಗೇ ಹೊಂಡಕ್ಕೆ ಬಿದ್ದೆ. ಕಣ್ಣು ಮಂಜಾಗಿ ರಸ್ತೆ ಕಾಣಲಿಲ್ಲವೆಂದು ಹೇಳಬಹುದಿತ್ತು, ಹೇಳಲಿಲ್ಲ. ಅಕ್ಕನ ಗಾಡಿ ಆಗಲೇ ಬಹಳ ಮುಂದೆ ಹೋಗಿತ್ತು.