ಹಕ್ಕಿ ಸಾಲಿನ ಜೋಡಿ ಸ್ವೆಟರ್

ಸ್ವೆಟರ್ ಚುಚ್ಚುತ್ತಿತ್ತು. ಗಡಿಯಾರ ರಿಪೇರಿಯವನ ಅವತ್ತಿನ ಪಾಡಿಗೆಲ್ಲ ಮೂಲ ಇಷ್ಟೇ.

ಗಿರಾಕಿಗಳಿಲ್ಲದ ಹೊತ್ತಿನಲ್ಲೆಲ್ಲ ಅಂಗಡಿಯಲ್ಲಿ ಕೂತು, ಎಂಟು ತಿಂಗಳಲ್ಲಿ ಅವನು ಎರಡು ಸ್ವೆಟರ್ ಹೆಣೆದಿದ್ದ. ತನಗೊಂದು, ಮಗಳಿಗೊಂದು. ಎರಡೂ ನೀಲಿ, ಎರಡಕ್ಕೂ ಕುತ್ತಿಗೆಯಿಂದ ಹೆಗಲವರೆಗೆ ಸುತ್ತಲೂ ಬಿಳಿ, ಕೆಂಪು ಹಕ್ಕಿಗಳ ಸಾಲು. ಮಗಳು ತಾಯಿಯ ಜೊತೆ ಬೇರೆ ಊರಿನಲ್ಲಿದ್ದಳು. ತಾಯಿ ಮರುಮದುವೆಯಾಗಿ ಎರಡು ವರ್ಷ; ಇವನು ಮಗಳ ಮುಖ ನೋಡಿಯೂ ಅಷ್ಟೇ ಆಗಿತ್ತು. ಇವತ್ತು ನಾಲ್ಕಕ್ಕೆ ಬರುತ್ತಾಳೆ, ಆರಕ್ಕೆ ಹೊರಡುತ್ತಾಳೆ. ಒಂದೇ ಥರ ತೊಟ್ಟು, ಕೈ ಹಿಡಿದು ಬೀದಿಯಲ್ಲಿ ಒಂದು ಸುತ್ತು ಬರಬೇಕೆಂದು ಅವನ ಆಸೆ.

ಬೆಳಿಗ್ಗೆ ತನ್ನದನ್ನು ತೊಟ್ಟು ನೋಡಿದರೆ, ಕೆಂಜಿಗದ ಇರುವೆ ಗೂಡಿಗೆ ತಲೆ ತೂರಿಸಿದ ಹಾಗಾಯಿತು. ಅವನು ಕೆರೆದುಕೊಂಡು ಕುಣಿಯುವ ಸದ್ದಿಗೆ ಎದುರುಮನೆ ನರ್ಸಮ್ಮ ಓಡಿಬಂದರು.

"ಏನಪ್ಪಾ, ಕಜ್ಜಿನಾ?"

"ಅಲ್ಲಮ್ಮ, ಉಲ್ಲನ್ ಒರಟು. ಮಗು ಮೈಗೆ ಹೇಗೆ ಹಾಕ್ಲಿ?"

"ಅಷ್ಟೇ ತಾನೆ? ಕುದಿಯೋ ನೀರಿಗೆ ಹಾಕು. ಮೂವತ್ತು ವರ್ಷ ಆಸ್ಪತ್ರೆ ಬಟ್ಟೆ ಕುದಿಸಿದೀನಿ, ನಂಗೇ ಗೊತ್ತಿಲ್ವಾ?"

ಕೆಳಮನೆ ಟೈಲರ್ ಕೊರಳಲ್ಲಿ ಟೇಪ್ ಹಾಕಿಕೊಂಡೇ ಬಂದ. "ಬರೀ ನೀರು ಸಾಲಲ್ಲ ಸ್ವಾಮಿ. ಸೋಡಾ ಹಾಕಿ, ಕೋಲಲ್ಲಿ ಬಡೀರಿ."

ಎರಡನ್ನೂ ಸೋಡಾ ನೀರಿನಲ್ಲಿ ಕುದಿಸಿ, ಮೂವರೂ ಸರದಿ ಮೇಲೆ ಅರ್ಧ ಗಂಟೆ ಬಡಿದರು. ಎತ್ತಿ ನೋಡಿದರೆ ದೊಡ್ಡದು ಹುಡುಗರದ್ದಾಗಿತ್ತು, ಚಿಕ್ಕದು ಬೊಂಬೆಯದ್ದು. ಹಕ್ಕಿಗಳು ನೊಣಗಳಾಗಿದ್ದವು.

"ಮೆತ್ತಗಂತೂ ಆಗಿದೆ," ಎಂದರು ನರ್ಸಮ್ಮ.

ಅವರೂ ಟೈಲರೂ ಆಚೆ ಈಚೆ ಹಿಡಿದು ಎಳೆದರು. ಕುಸ್ತಿಗೆ ಬಿದ್ದವರ ಹಾಗೆ ಬೆವರಿದ್ದೇ ಬಂತು. ಕೊನೆಗೆ ಟೈಲರ್ ತಲೆ ತಗ್ಗಿಸಿ, ಎರಡನ್ನೂ ಇಸ್ತ್ರಿಯಲ್ಲಿ ಒಣಗಿಸಿಕೊಟ್ಟು ಹೋದ.

ನಾಲ್ಕಕ್ಕೆ ಬಾಗಿಲಲ್ಲಿ ನಿಂತ ಹುಡುಗಿ ಅವನ ಹೆಗಲಿಗೆ ಬರುತ್ತಿದ್ದಳು. ಒಂದು ಕ್ಷಣ ಯಾರೆಂದೇ ತಿಳಿಯಲಿಲ್ಲ.

"ಅಪ್ಪಾ, ಇದು ನಂಗಾ?" ಕುರ್ಚಿಯ ಮೇಲಿದ್ದ ದೊಡ್ಡದನ್ನು ಅವಳು ತೊಟ್ಟೇಬಿಟ್ಟಳು. ಅಳತೆ ತೆಗೆದು ಹೆಣೆದಂತಿತ್ತು. ನೆನಪಿನಲ್ಲಿದ್ದ ಮಗಳಿಗೆ ಹೆಣೆದದ್ದು, ಕುಗ್ಗದೇ ಇದ್ದಿದ್ದರೂ, ಇವಳ ಮೊಣಕೈ ದಾಟುತ್ತಿರಲಿಲ್ಲ. ನರ್ಸಮ್ಮನ ಬಾಯಿಗೆ ಸಕ್ಕರೆ ಹಾಕಬೇಕು ಅನ್ನಿಸಿತು ಅವನಿಗೆ.

ಅಷ್ಟರಲ್ಲಿ ಅವಳು ಚಿಕ್ಕದನ್ನೂ ಎತ್ತಿ ಕೆನ್ನೆಗೊತ್ತಿಕೊಂಡಳು. "ಅಯ್ಯೋ, ಪಾಪುಗೂ ಮಾಡಿದೀಯಾ!"

"ಯಾವ ಪಾಪು?"

"ತಮ್ಮ. ಐದು ತಿಂಗಳು. ಅಪ್ಪಂಗೆ ಹೇಳ್ಬೇಡ, ಬೇಜಾರು ಮಾಡ್ಕೋತಾರೆ ಅಂತ ಅಮ್ಮ ಅಂದಿದ್ಲು." ಅವಳು ನಾಲಗೆ ಕಚ್ಚಿಕೊಂಡಳು. "ಆದ್ರೆ ನಿಂಗೆ ಗೊತ್ತಿತ್ತಲ್ವಾ? ಅದಕ್ಕೇ ತಾನೆ ಹೆಣೆದಿದ್ದು?"

ಅವನು ಅವಳ ಕೈಯಿಂದ ಚಿಕ್ಕದನ್ನು ತೆಗೆದುಕೊಂಡು ಮಡಿಸಿದ.

"ಹೂಂ. ಅದಕ್ಕೇ ಹೆಣೆದೆ."

"ಮತ್ತೆ ನಿಂದು?"

"ನಂಗ್ಯಾಕೆ, ಚುಚ್ಚುತ್ತೆ."

ಆರು ಗಂಟೆಗೆ ಒಂದು ಮೈಮೇಲೆ, ಇನ್ನೊಂದು ಚೀಲದಲ್ಲಿ, ಅವಳು ಕೈಬೀಸುತ್ತ ಮೆಟ್ಟಿಲಿಳಿದಳು. ನರ್ಸಮ್ಮ ಬಾಗಿಲ ಸಂದಿಯಿಂದ ಮೆಲ್ಲಗೆ ಇಣುಕಿದರು.

"ಏನಾಯ್ತಪ್ಪಾ? ಯಾರಿಗಾದ್ರೂ ಸರಿಹೋಯ್ತಾ?"

"ಹೋಯ್ತಮ್ಮ," ಎಂದ ಅವನು. "ಅಕ್ಕ, ತಮ್ಮ ಇಬ್ಬರಿಗೂ ಸರಿಹೋಯ್ತು."