ಆರು ಕಾಲಿನ ನಾಯಿ ಹಾಗೂ ಉಚಿತ ಪ್ಯಾಟರ್ನುಗಳ ಹುಡುಕಾಟದ ಕುರಿತು

ಆಡಳಿತ ಶಾಖೆ, ಎರಡನೇ ಮಹಡಿ (ಲಿಫ್ಟು ಕೆಟ್ಟಿರುವವರೆಗೆ ಮೂರನೆಯದೆಂದೇ ಭಾವಿಸತಕ್ಕದ್ದು)

ಸಂಖ್ಯೆ: ಆಡ/ಸೂಜಿ/ದಾರ/೦೭
(ಇದೇ ಸಂಖ್ಯೆಯಲ್ಲಿ ಹಿಂದೆ ಹೊರಡಿಸಿದ ಸುತ್ತೋಲೆಯು ಕುಡಿಯುವ ನೀರಿನ ಫಿಲ್ಟರಿಗೆ ಸಂಬಂಧಿಸಿದ್ದು, ಎರಡನ್ನೂ ಸೇರಿಸಿ ಓದತಕ್ಕದ್ದಲ್ಲ.)

ದಿನಾಂಕ: ಸಹಿ ಬಿದ್ದ ದಿನ

ಸುತ್ತೋಲೆ

ವಿಷಯ: ಹವ್ಯಾಸಿ ಹೊಲಿಗೆಗಾರರು ಕ್ರಾಸ್ ಸ್ಟಿಚ್ ಸ್ಯಾಂಪ್ಲರಿನ ಉಚಿತ ಪ್ಯಾಟರ್ನುಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕುವ, ಇಳಿಸಿಕೊಳ್ಳುವ, ಮುದ್ರಿಸುವ ಹಾಗೂ ತದನಂತರ ಪೇಚಾಡುವ ಕ್ರಮದ ಬಗ್ಗೆ.

ಉಲ್ಲೇಖ: ೧) ರವಾನೆ ಶಾಖೆಯ ಅಕ್ಕನವರ ವಯೋನಿವೃತ್ತಿ ಆದೇಶ.
೨) ಲೆಕ್ಕಪತ್ರ ಶಾಖೆಯ ಗುಮಾಸ್ತೆಯವರು ನಿನ್ನೆ ನಮ್ಮ ಕೊಠಡಿಯಲ್ಲಿ ಅತ್ತದ್ದು (ಮೌಖಿಕ).

ಪ್ರಸ್ತಾವನೆ

ರವಾನೆ ಶಾಖೆಯ ಅಕ್ಕನವರು (ನಿನ್ನೆ ಮೊನ್ನೆ ಸೇರಿದವರಿಂದ ಹಿಡಿದು ಕೆಳಗೆ ಸಹಿ ಮಾಡಿರುವ ಅಧಿಕಾರಿಯವರೆಗೆ ಎಲ್ಲರಿಗೂ ಅಕ್ಕ) ಈ ತಿಂಗಳ ಕೊನೆಗೆ ನಿವೃತ್ತರಾಗಲಿದ್ದಾರೆ. ಕಚೇರಿಯ ಅರ್ಧಕ್ಕರ್ಧ ಸಿಬ್ಬಂದಿಗೆ ಊಟದ ವಿರಾಮದಲ್ಲಿ, ಹಳೆ ಕಡತಗಳ ಕೊಠಡಿಯಲ್ಲಿ, ಕ್ರಾಸ್ ಸ್ಟಿಚ್ ಹೇಳಿಕೊಟ್ಟವರು ಇವರೇ ಆಗಿರುತ್ತಾರೆ. ಲೆಕ್ಕಪತ್ರ ಶಾಖೆಯ ಗುಮಾಸ್ತೆ ಉಗುರು ಕಚ್ಚುತ್ತಿದ್ದುದನ್ನು ಕಂಡು, "ಕೈಗೆ ಕೆಲಸ ಇಲ್ದಿದ್ರೆ ಅದು ಬಾಯಿಗೇ ಹೋಗೋದು ಕಣಮ್ಮಾ, ತಗೋ ಈ ಸೂಜಿ" ಎಂದು ಅಕ್ಕನವರು ಹೇಳಿದ್ದೇ ಸದರಿ ಹವ್ಯಾಸದ ಮೂಲವೆಂದು ವಿಚಾರಣೆಯಿಂದ ತಿಳಿದುಬಂದಿದೆ. ಗುಮಾಸ್ತೆಯವರ ಉಗುರುಗಳು ಪ್ರಸ್ತುತ ತೃಪ್ತಿಕರವಾಗಿವೆ.

ಇಂತಹ ಅಕ್ಕನವರಿಗೆ ಬೀಳ್ಕೊಡುಗೆಯಾಗಿ, ಅವರಿಗೆ ಸುಳಿವು ಸಿಗದಂತೆ, ಒಂದು ಸ್ಯಾಂಪ್ಲರ್ ಹೊಲಿದುಕೊಡಲು ಸಿಬ್ಬಂದಿ ನಿರ್ಧರಿಸಿರುತ್ತಾರೆ. ಸ್ಯಾಂಪ್ಲರ್ ಎಂದರೆ ಅಕ್ಷರಗಳ ಸಾಲು, ಮನೆ, ಮರ, ಹಕ್ಕಿ, ಅಂಚಿಗೊಂದು ಬಳ್ಳಿ ಇವೆಲ್ಲವನ್ನೂ ಪುಟ್ಟ ಪುಟ್ಟ ಗುಣಾಕಾರದ ಗುರುತಿನಂಥ ಹೊಲಿಗೆಗಳಿಂದ ಒಂದೇ ಬಟ್ಟೆಯ ಮೇಲೆ ಮೂಡಿಸಿ, ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ವಸ್ತು. ಅದಕ್ಕೆಂದು ಉಚಿತ ಪ್ಯಾಟರ್ನನ್ನು (ಯಾವ ಚೌಕದಲ್ಲಿ ಯಾವ ಬಣ್ಣದ ಹೊಲಿಗೆ ಎಂದು ತೋರಿಸುವ ನಕ್ಷೆಯನ್ನು) ಹುಡುಕಿ, ಮುದ್ರಿಸಿ, ಹೊಲಿದು ಮುಗಿಸಲಾಗಿದ್ದು, ಮನೆಯ ಮುಂದಿನ ನಾಯಿಗೆ ಆರು ಕಾಲುಗಳಿರುವುದು ಈಗ ಗಮನಕ್ಕೆ ಬಂದಿದೆ. ಇಂತಹ ಪ್ರಸಂಗ ಮರುಕಳಿಸದಿರಲೆಂದು ಕೆಳಕಂಡ ನಿಯಮಗಳನ್ನು ಈ ಮೂಲಕ ಜಾರಿಗೊಳಿಸಲಾಗಿದೆ.

೧. "ಉಚಿತ" ಎಂದರೆ ಉಚಿತ. ಚಿತ್ರ ಉಚಿತ, ಬಣ್ಣದ ಪಟ್ಟಿಗೆ ಮಾತ್ರ ದುಡ್ಡು ಎನ್ನುವ ಜಾಲತಾಣಗಳನ್ನು "ಅರೆ ಉಚಿತ" ಎಂದು ವರ್ಗೀಕರಿಸಿ ದೂರದಿಂದಲೇ ಕೈಮುಗಿಯತಕ್ಕದ್ದು. ಪ್ಯಾಟರ್ನು ಕೊಡುವ ಮೊದಲು ಹುಟ್ಟಿದ ದಿನ, ಫೋನ್ ನಂಬರು ಹಾಗೂ ಜೀವನದ ಗುರಿ ಕೇಳುವ ಜಾಲತಾಣಗಳಿಗೆ ಮೊದಲೆರಡನ್ನು ಕೊಡುವಂತಿಲ್ಲ. ಮೂರನೆಯದು ಯಾರ ಬಳಿಯಾದರೂ ಇದ್ದಲ್ಲಿ ಆಡಳಿತ ಶಾಖೆಗೂ ಒಂದು ಪ್ರತಿ ಸಲ್ಲಿಸತಕ್ಕದ್ದು.

೨. ಹುಡುಕಾಟದ ಫಲಿತಾಂಶಗಳಲ್ಲಿ ಮೂರನೇ ಪುಟದಿಂದಾಚೆ ಯಾರೂ ಒಂಟಿಯಾಗಿ ಹೋಗತಕ್ಕದ್ದಲ್ಲ. ಹೊಲಿಗೆ ಹುಡುಕಲು ಹೊರಟ ಸಿಬ್ಬಂದಿ ಶಾಖೆಯ ಸಹಾಯಕರೊಬ್ಬರು ಮಧ್ಯದಲ್ಲಿ ಗಿಳಿ ಸಾಕುವ ವಿಧಾನಕ್ಕೆ ಸಿಕ್ಕಿಕೊಂಡು, ಅಲ್ಲಿಂದ ಛಾವಣಿ ಸೋರದಂತೆ ಹಚ್ಚುವ ಬಣ್ಣಕ್ಕೆ ಜಾರಿ, ವಿರಾಮ ಮುಗಿದು ಬಹಳ ಹೊತ್ತಾದ ಮೇಲೆ ಕಣ್ಣುಜ್ಜಿಕೊಳ್ಳುತ್ತಾ ಹಿಂದಿರುಗಿರುತ್ತಾರೆ. ಪ್ಯಾಟರ್ನು ತಂದಿರುವುದಿಲ್ಲ.

೩. ಒಂದೇ ಪರದೆಯಲ್ಲಿ "ಇಲ್ಲಿ ಒತ್ತಿ" ಎಂಬ ಗುಂಡಿಗಳು ಹಲವು ಕಂಡಲ್ಲಿ, ಹಸಿರಾಗಿ, ದೊಡ್ಡದಾಗಿ ಮಿನುಗುವ ಗುಂಡಿಯು ಪ್ಯಾಟರ್ನಿನದ್ದಲ್ಲವೆಂದು ತಿಳಿಯತಕ್ಕದ್ದು. ಮೂಲೆಯಲ್ಲಿ ಸಂಕೋಚದಿಂದ ಕುಳಿತಿರುವ ಬೂದು ಬಣ್ಣದ್ದೇ ನಿಜವಾದದ್ದು. ಹಸಿರನ್ನು ಒತ್ತಿದ ಉಗ್ರಾಣದ ಕಂಪ್ಯೂಟರು ಅಂದಿನಿಂದ ಪ್ರತಿ ಬೆಳಗ್ಗೆ ಯಾವುದೋ ಪರಭಾಷೆಯಲ್ಲಿ ಶುಭ ಕೋರುತ್ತಿದೆ. ಉಗ್ರಾಣಿಕರು ಅದಕ್ಕೆ ಪ್ರತಿವಂದನೆ ಸಲ್ಲಿಸುವುದನ್ನು ಕೂಡಲೇ ನಿಲ್ಲಿಸತಕ್ಕದ್ದು.

೪. ಒಂದು ಜನ್ಮದಲ್ಲಿ ಹೊಲಿಯಬಹುದಾದದ್ದಕ್ಕಿಂತ ಹೆಚ್ಚು ಪ್ಯಾಟರ್ನುಗಳನ್ನು ಯಾರೂ ಸಂಗ್ರಹಿಸತಕ್ಕದ್ದಲ್ಲ. ಮೇಲ್ಕಂಡ ಉಗ್ರಾಣಿಕರು ಮೊಮ್ಮಕ್ಕಳ ಮೊಮ್ಮಕ್ಕಳೂ ಹೊಲಿದು ಮುಗಿಸಲಾಗದಷ್ಟನ್ನು ಕೂಡಿಟ್ಟಿದ್ದು, ಅವರ ಸೂಜಿಗೆ ಇದುವರೆಗೂ ದಾರ ಪೋಣಿಸಿದ್ದೇ ಕೆಲವು ಸಲ. ಸಮಜಾಯಿಷಿ ಕೇಳಲಾಗಿ, "ಇರ್ಲಿ ಬಿಡಿ ಸಾರ್, ಯಾವತ್ತಾದ್ರೂ ಬೇಕಾಗುತ್ತೆ" ಎಂದಿರುತ್ತಾರೆ. ಕಾಲು ಮುರಿದ ಕುರ್ಚಿಗಳ ಬಗ್ಗೆಯೂ ಅವರ ಸಮಜಾಯಿಷಿ ಇದೇ ಆಗಿತ್ತು.

೫. ಉಚಿತವಾಗಿ ಕೊಟ್ಟವರೂ ಮನುಷ್ಯರೇ. ಎಲ್ಲೋ ಒಂದು ಮನೆಯಲ್ಲಿ ಯಾರೋ ಕುಳಿತು, ಚೌಕ ಎಣಿಸಿ, ಕಣ್ಣು ನೋಯಿಸಿಕೊಂಡು ಮಾಡಿದ್ದನ್ನು ನಮಗೆ ಸುಮ್ಮನೆ ಕೊಟ್ಟಿರುತ್ತಾರೆ. ಆದುದರಿಂದ ಹಾಳೆಯ ಕೆಳಗಿರುವ ಅವರ ಹೆಸರನ್ನು ಕತ್ತರಿಸತಕ್ಕದ್ದಲ್ಲ, ಪ್ಯಾಟರ್ನನ್ನು ಮಾರತಕ್ಕದ್ದಲ್ಲ, ಒಂದು ಸಾಲಿನ ಧನ್ಯವಾದವನ್ನಾದರೂ ತಿಳಿಸತಕ್ಕದ್ದು. ಈ ಕಚೇರಿಯ ಅಧಿಕೃತ ಧನ್ಯವಾದ ಪತ್ರದ ಕರಡು ಇನ್ನೂ ತಿದ್ದುಪಡಿಯ ಹಂತದಲ್ಲಿದೆ. ಅಷ್ಟರಲ್ಲಿ ವಾಹನ ಶಾಖೆಯ ಚಾಲಕರು ತಮ್ಮ ಫೋನಿನಿಂದ "ತುಂಬಾ ಥ್ಯಾಂಕ್ಸ್ ಕಣಮ್ಮಾ, ಮನೆ ಬಲು ಮುದ್ದಾಗಿದೆ" ಎಂದು ಬರೆದು, ಪ್ರತಿಯಾಗಿ ಒಂದು ನಗುಮುಖವನ್ನೂ ಇನ್ನೆರಡು ಪ್ಯಾಟರ್ನುಗಳನ್ನೂ ಪಡೆದಿರುತ್ತಾರೆ. ಅನುಮೋದನೆ ಇಲ್ಲದೆ ಸಂತೋಷ ವ್ಯಕ್ತಪಡಿಸಿದ್ದಕ್ಕಾಗಿ ಅವರಿಗೆ ಎಚ್ಚರಿಕೆ ನೀಡಲಾಗಿದೆ. ಪ್ಯಾಟರ್ನುಗಳನ್ನು ಇಟ್ಟುಕೊಳ್ಳಲಾಗಿದೆ.

೬. ಸಿಕ್ಕ ಪ್ಯಾಟರ್ನುಗಳಲ್ಲಿ ನಮ್ಮ ಅಕ್ಷರಗಳು ಇರುವುದಿಲ್ಲ. ಗ್ರಾಫ್ ಹಾಳೆಯ ಮೇಲೆ ನಾವೇ ಬರೆದುಕೊಳ್ಳಬೇಕಾಗಿದ್ದು, ದುಂಡಗಿನ ಅಕ್ಷರಗಳು ಚೌಕಗಳಲ್ಲಿ ಕೂರಲು ಒಪ್ಪುವುದಿಲ್ಲ. "ಠ" ಅಕ್ಷರವು ಇಡ್ಲಿ ತಟ್ಟೆಯಂತೆಯೋ ಬಾವಿಯಂತೆಯೋ ಕಂಡಲ್ಲಿ ಅದನ್ನು "ಠ" ಎಂದೇ ಓದಿಕೊಳ್ಳುವ ಸೌಜನ್ಯವನ್ನು ನೋಡುಗರು ತೋರತಕ್ಕದ್ದು. ನಗುವವರು ಕಾರಿಡಾರಿಗೆ ಹೋಗಿ ನಗತಕ್ಕದ್ದು.

೭. ಕಚೇರಿಯ ಮುದ್ರಣಯಂತ್ರಕ್ಕೆ ಕಪ್ಪು ಬಿಟ್ಟು ಬೇರೆ ಬಣ್ಣ ಗೊತ್ತಿಲ್ಲವಾದ್ದರಿಂದ ಕಂದು ಯಾವುದು, ಇಟ್ಟಿಗೆ ಕೆಂಪು ಯಾವುದು ಎಂಬುದನ್ನು ಕಿಟಕಿಯ ಬಳಿ, ಹಗಲು ಬೆಳಕಿನಲ್ಲಿ, ಕನ್ನಡಕವಿದ್ದವರು ಕನ್ನಡಕ ಹಾಕಿಕೊಂಡು ತೀರ್ಮಾನಿಸತಕ್ಕದ್ದು. ಮತಭೇದವಾದಲ್ಲಿ ಸೂಜಿ ಕೈಯಲ್ಲಿರುವವರ ಮಾತೇ ಅಂತಿಮ.

೮. ಇನ್ನು ನಾಯಿಯ ವಿಚಾರ.

(ಅ) ಪ್ಯಾಟರ್ನು ದೊಡ್ಡದಾಗಿದ್ದಲ್ಲಿ ಹಲವು ಹಾಳೆಗಳಲ್ಲಿ ಮುದ್ರಣವಾಗುತ್ತದೆ. ಒಂದು ಹಾಳೆ ಮುಗಿದು ಮುಂದಿನದು ಶುರುವಾಗುವಲ್ಲಿ, ಹಿಂದಿನ ಹಾಳೆಯ ಕೊನೆಯ ಸಾಲುಗಳನ್ನೇ ಮಸುಕಾಗಿ ಇನ್ನೊಮ್ಮೆ ತೋರಿಸಿರುತ್ತಾರೆ. ಅದು ಹಾಳೆ ಜೋಡಿಸಿಕೊಳ್ಳಲು ಗುರುತೇ ಹೊರತು ಹೊಲಿಯುವುದಕ್ಕಲ್ಲ. ಇದನ್ನು ಅಕ್ಕನವರು ಪಾಠದ ಮೊದಲ ದಿನವೇ ಹೇಳಿದ್ದರೆಂದು ಎಲ್ಲರೂ ಈಗ ನೆನಪಿಸಿಕೊಳ್ಳುತ್ತಿದ್ದಾರೆ.

(ಆ) ಪ್ರಸ್ತುತ ಪ್ರಕರಣದಲ್ಲಿ ಶಾಖೆಗೊಂದು ಹಾಳೆಯನ್ನು ಹಂಚಲಾಗಿದ್ದು, ಬಟ್ಟೆಯು ಕಡತದಂತೆ ಮೇಜಿನಿಂದ ಮೇಜಿಗೆ ಚಲಿಸಿದೆ. ನಾಯಿಯ ತಲೆ ಹಾಗೂ ನಾಲ್ಕೂ ಕಾಲುಗಳು ಲೆಕ್ಕಪತ್ರ ಶಾಖೆಯ ಹಾಳೆಯಲ್ಲಿದ್ದವು. ಉಗ್ರಾಣದ ಹಾಳೆಯು ಅದೇ ಹಿಂಗಾಲುಗಳನ್ನು ಮಸುಕಾಗಿ ತೋರಿಸಿ, ಬಾಲದಿಂದ ಮುಂದುವರಿಯುತ್ತಿತ್ತು. "ನಮ್ ಹಾಳೇಲಿ ಏನಿತ್ತೋ ಅಷ್ಟನ್ನೂ ಹೊಲಿದಿದೀವಿ ಸಾರ್, ಒಂದು ಚೌಕಾನೂ ಬಿಟ್ಟಿಲ್ಲ" ಎಂದು ಉಗ್ರಾಣಿಕರು ಹೆಮ್ಮೆಯಿಂದ ತಿಳಿಸಿರುತ್ತಾರೆ. ಒಪ್ಪಿಸಿದ ಕೆಲಸವನ್ನು ಈ ಕಚೇರಿಯಲ್ಲಿ ಪೂರ್ತಿಯಾಗಿ ಮಾಡಿ ಮುಗಿಸಿದ ಮೊದಲ ನಿದರ್ಶನ ಇದಾಗಿದ್ದು, ಅದು ಇಲ್ಲಿಯೇ ಆಗಬೇಕಿತ್ತೇ ಎಂಬುದು ಬೇರೆ ಮಾತು.

(ಇ) ಅಕ್ಕನವರಿಗೆ ನಾಯಿಗಳೆಂದರೆ ಪ್ರಾಣವಾದ್ದರಿಂದ, ಆ ನಾಯಿಯಲ್ಲಿ ತಮ್ಮದೂ ಒಂದು ಕೈ ಇರಲೆಂದು ಎಲ್ಲ ಶಾಖೆಯವರೂ ಬಟ್ಟೆ ಇದ್ದ ಮೇಜಿಗೆ ಬಂದು, ಆ ಮೇಜಿನ ಹಾಳೆ ನೋಡಿಕೊಂಡು, ಒಬ್ಬೊಬ್ಬರು ಒಂದೊಂದು ಕಾಲು ಹೊಲಿದುಹೋಗಿರುತ್ತಾರೆ. ಪ್ರತಿಯೊಬ್ಬರೂ ತಮ್ಮ ಕಾಲನ್ನು ಮಾತ್ರ ನೋಡಿಕೊಂಡಿದ್ದಾರೆ. ಒಟ್ಟು ಕಾಲುಗಳನ್ನು ಎಣಿಸುವುದು ಯಾವ ಶಾಖೆಯ ಕರ್ತವ್ಯಪಟ್ಟಿಯಲ್ಲೂ ಇರಲಿಲ್ಲ.

೯. ಮುಂದಿನ ಆದೇಶದವರೆಗೆ ಸದರಿ ನಾಯಿಯನ್ನು ನಾಲ್ಕು ಕಾಲಿನ ನಾಯಿ ಎಂದೇ ಪರಿಗಣಿಸತಕ್ಕದ್ದು. ಉಳಿದ ಎರಡನ್ನು ಪ್ರಭಾರ ಕಾಲುಗಳೆಂದು ತಿಳಿಯತಕ್ಕದ್ದು. ಪ್ರಭಾರ ಕಾಲುಗಳಿಗೆ ಓಡುವ, ಕೆರೆದುಕೊಳ್ಳುವ ಅಥವಾ ಕಂಬದ ಬಳಿ ಎತ್ತುವ ಅಧಿಕಾರವಿರುವುದಿಲ್ಲ.

೧೦. ಹೆಚ್ಚುವರಿ ಕಾಲುಗಳನ್ನು ಬಿಚ್ಚಬೇಕೇ, ಬಿಡಬೇಕೇ ಎಂಬ ಬಗ್ಗೆ ಕಚೇರಿ ಎರಡು ಬಣವಾಗಿದೆ. ಬಿಚ್ಚಿದರೆ ಬಟ್ಟೆಯಲ್ಲಿ ತೂತು ಉಳಿಯುತ್ತದೆ, ಹೊಟ್ಟೆ ಮತ್ತು ಬಾಲದ ನಡುವೆ ನಾಯಿ ಎರಡು ಹೋಳಾಗುತ್ತದೆ ಎಂಬುದು ಒಂದು ಬಣದ ವಾದ. ಕಲಿಸಿದವರಿಗೇ ತಪ್ಪು ಹೊಲಿಗೆ ಕೊಟ್ಟು ಕಳಿಸುವುದೇ ಎಂಬುದು ಇನ್ನೊಂದರದ್ದು. ಲೆಕ್ಕಪತ್ರ ಶಾಖೆಯ ಗುಮಾಸ್ತೆಯವರು ಎರಡನೇ ಬಣದವರಾಗಿದ್ದು, "ಅಕ್ಕ ಏನಂದ್ಕೋತಾರೆ ಸಾರ್, ಇಷ್ಟು ದಿನ ಹೇಳ್ಕೊಟ್ಟಿದ್ದು ನೀರಲ್ಲಿ ಹೋಯ್ತು ಅಂದ್ಕೊಳ್ಳಲ್ವಾ?" ಎಂದು ಕೇಳಿ ಅತ್ತಿರುತ್ತಾರೆ. ಉಗುರುಗಳು ಪುನಃ ಬಾಯಿಯ ಕಡೆ ಹೊರಟಿರುವುದನ್ನು ಗಮನಿಸಲಾಗಿದೆ.

೧೧. ಹೊಲಿಗೆಯ ವಿಷಯದಲ್ಲಿ ಈ ಕಚೇರಿಗೆ ಇರುವ ಏಕೈಕ ಸಕ್ಷಮ ಪ್ರಾಧಿಕಾರ ಅಕ್ಕನವರೇ. ಉಡುಗೊರೆ ಗುಟ್ಟಾಗಿರಬೇಕಾದ್ದರಿಂದ ಅವರನ್ನು ಕೇಳುವಂತಿಲ್ಲ. ಆದುದರಿಂದ, ಸಕ್ಷಮ ಪ್ರಾಧಿಕಾರದಿಂದ ಅಭಿಪ್ರಾಯ ಬಾರದಿದ್ದಲ್ಲಿ, ಬರುವ ಶುಕ್ರವಾರ ಊಟದ ವಿರಾಮದಲ್ಲಿ ಸಣ್ಣ ಕತ್ತರಿಯಿಂದ ಎರಡು ಕಾಲುಗಳನ್ನು ಬಿಚ್ಚಲು ಈ ಮೂಲಕ ಆದೇಶಿಸಲಾಗಿದೆ. ಬಿಚ್ಚುವಾಗ ಚಹಾ ಲೋಟಗಳನ್ನು ದೂರವಿಡತಕ್ಕದ್ದು.

೧೨. ಸದರಿ ಎರಡು ಕಾಲುಗಳಲ್ಲಿ ಒಂದು ಚಾಲಕರದ್ದು. ಇನ್ನೊಂದು ಕೆಳಗೆ ಸಹಿ ಮಾಡಿರುವ ಅಧಿಕಾರಿಯವರ ಸ್ವಂತ ಕೈಯದ್ದಾಗಿದ್ದು, ಅವರು ಈ ಜೀವಮಾನದಲ್ಲಿ ಹೊಲಿದು ಮುಗಿಸಿದ ಮೊದಲ ವಸ್ತು ಅದಾಗಿರುತ್ತದೆ. ಈ ಅಂಶವು ಆದೇಶದ ಮೇಲೆ ಯಾವುದೇ ಪ್ರಭಾವ ಬೀರಿರುವುದಿಲ್ಲ. ಅವರಿಗೆ ಬೇಸರವಾಗಿದೆ ಎಂಬುದನ್ನು ಮಾತ್ರ ದಾಖಲಿಸಲಾಗಿದೆ.

೧೩. ಈ ಸುತ್ತೋಲೆಯ ವಿಷಯವು ಯಾವುದೇ ಕಾರಣಕ್ಕೂ ಅಕ್ಕನವರ ಕಿವಿಗೆ ಬೀಳತಕ್ಕದ್ದಲ್ಲ. ಅವರು ಕೊಠಡಿಗೆ ಬಂದ ಕೂಡಲೇ ಎಲ್ಲರೂ ಹವಾಮಾನದ ಬಗ್ಗೆ ಮಾತನಾಡತಕ್ಕದ್ದು. ಆದರೆ ಹವಾಮಾನದ ಬಗ್ಗೆ ಏಕಕಾಲಕ್ಕೆ ಎಲ್ಲರೂ ಮಾತನಾಡಿದಲ್ಲಿ ಅನುಮಾನ ಬರುವ ಸಂಭವವಿರುವುದರಿಂದ, ಸಿಬ್ಬಂದಿ ಶಾಖೆಯವರು ಮಂಡಿನೋವಿನ ಬಗ್ಗೆ ಮಾತನಾಡತಕ್ಕದ್ದು.

೧೪. ಕಚೇರಿಯಿಂದ ಹೊರಡುವ ಎಲ್ಲ ಸುತ್ತೋಲೆಗಳೂ ರವಾನೆ ಶಾಖೆಯ ಮೂಲಕವೇ ಹೋಗತಕ್ಕದ್ದೆಂಬ ನಿಯಮ ಜಾರಿಯಲ್ಲಿದ್ದು, ರವಾನೆ ಶಾಖೆಯಲ್ಲಿ ಅಕ್ಕನವರ ಹೊರತು ಬೇರೆ ಯಾರೂ ಇರುವುದಿಲ್ಲ. ನಿಯಮ ಸಡಿಲಿಸುವ ಅಧಿಕಾರ ಈ ಕಚೇರಿಗಿಲ್ಲ. ಆದುದರಿಂದ ಅಕ್ಕನವರು ಈ ಸುತ್ತೋಲೆಯನ್ನು ಓದದೆಯೇ ಮೊಹರು ಒತ್ತಿ, ಓದದೆಯೇ ಮಡಚಿ, ಓದದೆಯೇ ರವಾನಿಸಬೇಕೆಂದು ಗೌರವಪೂರ್ವಕವಾಗಿ ಕೋರಲಾಗಿದೆ.

ಮೇಲ್ಕಂಡ ಸೂಚನೆಗಳನ್ನು ಉಲ್ಲಂಘಿಸಿದವರಿಗೆ ಸಿಕ್ಕುಗಟ್ಟಿದ ದಾರದ ಲಡಿಯೊಂದನ್ನು ನೀಡಲಾಗುವುದು. ಅದನ್ನು ಬಿಡಿಸಿಕೊಟ್ಟ ನಂತರವೇ ಮನೆಗೆ ಹೋಗಲು ಅವಕಾಶವಿರುತ್ತದೆ.

(ಸಹಿ)
ಆಡಳಿತಾಧಿಕಾರಿ
(ಹೆಬ್ಬೆರಳಿಗೆ ಸೂಜಿ ಚುಚ್ಚಿರುವುದರಿಂದ ಸಹಿ ಓರೆಯಾಗಿದೆ. ಆದಾಗ್ಯೂ ಸಿಂಧುವಾಗಿರುತ್ತದೆ.)

ಪ್ರತಿಗಳು:
೧. ಲೆಕ್ಕಪತ್ರ ಶಾಖೆ: ಕರವಸ್ತ್ರದೊಂದಿಗೆ.
೨. ಉಗ್ರಾಣ: ಇದನ್ನು ಕೂಡಿಡದೆ, ಓದುವ ಸಲುವಾಗಿ.
೩. ವಾಹನ ಶಾಖೆಯ ಚಾಲಕರು: ಆ ಇನ್ನೆರಡು ಪ್ಯಾಟರ್ನುಗಳಲ್ಲಿ ಬೆಕ್ಕಿನದ್ದನ್ನು ಆಡಳಿತಾಧಿಕಾರಿಯವರಿಗೆ ಕಳಿಸುವ ಸಲುವಾಗಿ.
೪. ಸಿಬ್ಬಂದಿ ಶಾಖೆ: ಮಂಡಿನೋವಿನ ಅಭ್ಯಾಸಕ್ಕಾಗಿ.
೫. ಚೌಕಟ್ಟು ಹಾಕುವ ಅಂಗಡಿಯವರು: ಚೌಕಟ್ಟಿನ ಅಗಲವನ್ನು ನಾಯಿಯ ಹೊಸ ಉದ್ದಕ್ಕೆ ಹೊಂದಿಸುವ ಬಗ್ಗೆ, ಶುಕ್ರವಾರದವರೆಗೆ ಕಾದು.
೬. ಸೂಚನಾ ಫಲಕ: ಅಕ್ಕನವರು ದಿನಾ ಓದುವ ಫಲಕವಾದ್ದರಿಂದ ಮುಖ ಗೋಡೆಯ ಕಡೆಗಿರುವಂತೆ ಅಂಟಿಸತಕ್ಕದ್ದು.
೭. ಕಚೇರಿ ಪ್ರತಿ.

ರವಾನೆ ಶಾಖೆಯ ಷರಾ (ನೀಲಿ ಶಾಯಿ, ಕೈಬರಹ):

ಓದದೆ ರವಾನಿಸಿದ್ದೇನೆ.

ಶುಕ್ರವಾರ ಯಾರೂ ಕತ್ತರಿ ಮುಟ್ಟಬೇಡಿ. ಒಬ್ಬೊಬ್ಬರ ಕೈ ಒಂದೊಂದು ಥರ. ಯಾವ ಕಾಲು ಯಾರದ್ದು ಅಂತ ನಾನು ಮನೇಲಿ ಕೂತು ಗುರುತು ಹಿಡೀಬೇಕು.